ಅಪ್ಪ ಫೋನ್ ಮಾಡಿ ಕೇಳುತ್ತಾರೆ, ಸಂಧ್ಯಾವಂದನೆ ಆಯ್ತಾ?

ಹೋದ ತಿಂಗಳು ಮಾವಿನಮಿಡಿ ಉಪ್ಪಿನಕಾಯಿ ಯಾಕೆ ಮೆತ್ತಗಾಗುತ್ತದೆ ಅಂತ ಕೇಳಿದ್ದ ಒಬ್ಬರಿಗೆ ಉತ್ತರ ಬರೆಯುವಾಗ, ಮಾತಿಗೆ ಮಾತು ಬಂದು, 'ನಾನು ದಿನಾ ದೀಪ ಹಚ್ಚುತ್ತೇನೆ, ಆದರೆ ದೇವರಿದ್ದಾನೆ ಅಂತ ನನಗೆ ಅನ್ನಿಸುವುದು ನಿಂತು ಮೂವತ್ತು ವರ್ಷ ಆಯಿತು' ಅಂತ ಒಂದು ಸಾಲು ಬರೆದುಬಿಟ್ಟಿದ್ದೆ. ಉಪ್ಪಿನಕಾಯಿ ಬಗ್ಗೆ ಮತ್ತೆ ಯಾರೂ ಕೇಳಲಿಲ್ಲ. ಆ ಒಂದು ಸಾಲಿಗೆ ಮಾತ್ರ ರಾಶಿ ಕಾಗದ ಬಂದಿವೆ. ಬೈದವರೂ ಇದ್ದಾರೆ. ಅವರಿಗೆ ನನ್ನಿಂದ ಬೇಕಾದದ್ದು ಏನೂ ಇಲ್ಲ, ಹಾಗಾಗಿ ಅವು ಪಕ್ಕಕ್ಕಿವೆ. ಉಳಿದವರಲ್ಲಿ ಏಳು ಜನರಿಗೆ ಇಲ್ಲಿ ಬರೆಯುತ್ತಿದ್ದೇನೆ. ಊರು, ವಯಸ್ಸು ಸ್ವಲ್ಪ ಆಚೀಚೆ ಮಾಡಿದ್ದೇನೆ, ಯಾರಿಗೂ ಗುರುತು ಸಿಗಬಾರದು ಅಂತ.

ಮೊದಲೇ ಹೇಳಿಬಿಡುತ್ತೇನೆ. ನಾನು ಮನಶ್ಶಾಸ್ತ್ರ ಓದಿದವಳಲ್ಲ, ಮಠದವಳೂ ಅಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರ್ ಆದ, ಮಲೆನಾಡಿನ ಭಟ್ಟರ ಮನೆಯ ಮಗಳು. ಅದನ್ನು ತಲೆಯಲ್ಲಿಟ್ಟುಕೊಂಡು ಓದಿ.

ಪ್ರಶ್ನೆ: ನನಗೆ 31. ಮೈಸೂರಿನ ಹತ್ತಿರದ ಊರು, ಅಪ್ಪ ಪುರೋಹಿತರು. ಎಂಟನೇ ವರ್ಷಕ್ಕೆ ಮುಂಜಿ ಆಯಿತು. ಪಿಯುಸಿ ಮುಗಿಯುವವರೆಗೆ ಎರಡು ಹೊತ್ತೂ ಸಂಧ್ಯಾವಂದನೆ ತಪ್ಪಿಸಿದವನಲ್ಲ. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದ ಮೇಲೆ ಒಂದೊಂದೇ ಬಿಟ್ಟುಹೋಯಿತು. ಯಾರ ಜೊತೆಗೂ ವಾದ ಮಾಡಿ ಬಿಟ್ಟದ್ದಲ್ಲ. ಈಗ ಒಳಗೆ ಕೈ ಹಾಕಿ ಹುಡುಕಿದರೆ ನಂಬಿಕೆ ಅನ್ನುವುದು ಸಿಗುವುದೇ ಇಲ್ಲ. ಅಪ್ಪನಿಗೆ 74. ದಿನಾ ಸಂಜೆ ಏಳಕ್ಕೆ ಫೋನ್ ಮಾಡುತ್ತಾರೆ, ಮೊದಲ ಮಾತೇ 'ಸಂಧ್ಯಾವಂದನೆ ಆಯ್ತೇನೋ?' ನಾನು 'ಆಯ್ತು' ಅನ್ನುತ್ತೇನೆ. ಒಂಬತ್ತು ವರ್ಷದಿಂದ ಹೀಗೇ. ತಮಾಷೆ ಅಂದರೆ ಬೈಕ್ ಓಡಿಸುವಾಗ ಬಾಯಲ್ಲಿ ರುದ್ರಮಂತ್ರ ಬರುತ್ತಿರುತ್ತದೆ. ನಾನು ನಾಸ್ತಿಕನಾ, ಕಪಟಿಯಾ? ಅಪ್ಪನಿಗೆ ನಿಜ ಹೇಳಲಾ? (ಹೆಸರು ಬೇಡ, ಬೆಂಗಳೂರು)

ಉತ್ತರ: ಮೊದಲು ಲೆಕ್ಕ. ಒಂಬತ್ತು ವರ್ಷ ಅಂದರೆ ಮೂರು ಸಾವಿರಕ್ಕೂ ಜಾಸ್ತಿ 'ಆಯ್ತು'. ಮೇಷ್ಟ್ರಿಗೆ ಅಂಕಿ ಕಂಡರೆ ಕೂಡಿಸದೆ ಇರಲಾಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಇಂಥ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಸಮಾಧಾನ ಏನು ಗೊತ್ತಾ? 'ಅಪ್ಪ ಕೇಳುವುದು ಸಂಧ್ಯಾವಂದನೆ ಬಗ್ಗೆ ಅಲ್ಲ, ನೀನು ಚೆನ್ನಾಗಿದ್ದೀಯಾ ಅಂತ, ಊಟ ಆಯ್ತಾ ಅಂದ ಹಾಗೆ' ಅಂತ. ಕೇಳುವುದಕ್ಕೆ ಹಿತವಾಗಿರುತ್ತದೆ. ಆದರೆ ಐವತ್ತು ವರ್ಷದಿಂದ ಊರವರಿಗೆಲ್ಲ ಮುಂಜಿ ಮಾಡಿಸಿದ ಪುರೋಹಿತರು 'ಸಂಧ್ಯಾವಂದನೆ ಆಯ್ತಾ' ಅಂತ ಕೇಳಿದರೆ ಅವರು ಕೇಳುತ್ತಿರುವುದು ಸಂಧ್ಯಾವಂದನೆಯನ್ನೇ. ಅದು ನಿತ್ಯಕರ್ಮ. ಅದಕ್ಕೆ ಮೀಮಾಂಸಕರು, ಅಂದರೆ ವೇದದ ಕರ್ಮಗಳ ವಿಚಾರ ಮಾಡಿದ ದರ್ಶನದವರು, ಒಂದು ಮಾತು ಹೇಳುತ್ತಾರೆ: ಮಾಡಿದರೆ ಫಲ ಅಂತ ಏನೂ ಇಲ್ಲ, ಮಾಡದಿದ್ದರೆ ಪ್ರತ್ಯವಾಯ, ಅಂದರೆ ದೋಷ. ಹಲ್ಲುಜ್ಜುವುದಕ್ಕೆ ಯಾರೂ ಬಹುಮಾನ ಕೊಡುವುದಿಲ್ಲ, ಉಜ್ಜದಿದ್ದರೆ ಹುಳುಕು. ನಿಮ್ಮಪ್ಪ ಆ ಲೆಕ್ಕದಲ್ಲಿದ್ದಾರೆ. ಮಗನಿಗೆ ಏನೋ ಆಗುತ್ತದೆ ಅನ್ನುವ ನಿಜವಾದ ಕಳವಳ ಅದು. ನಿಮಗೆ ಅದರಲ್ಲಿ ನಂಬಿಕೆ ಇಲ್ಲದಿದ್ದರೂ ಅವರ ಕಳವಳ ಎಷ್ಟು ತೂಕದ್ದು ಅಂತ ಗೊತ್ತಿರಬೇಕು, ಇಲ್ಲದಿದ್ದರೆ ಹೇಳುವಾಗ ಮಾತು ದಡ್ಡತನದ್ದಾಗುತ್ತದೆ.

'ನಾನು ನಾಸ್ತಿಕನಾ' ಅಂದಿರಿ. ನಿಮ್ಮಪ್ಪನ ಶಾಸ್ತ್ರದ ಪ್ರಕಾರ ನಾಸ್ತಿಕ ಅಂದರೆ ವೇದವನ್ನು ಒಪ್ಪದವನು. ದೇವರನ್ನು ಒಪ್ಪದವನು ಅಂತ ಅಲ್ಲ. ಮೇಲೆ ಹೇಳಿದ ಮೀಮಾಂಸಕರೇ ಜಗತ್ತಿಗೆ ಒಬ್ಬ ಸೃಷ್ಟಿಕರ್ತ ಬೇಕು ಅಂತ ಒಪ್ಪಿದವರಲ್ಲ, ಸಾಂಖ್ಯ ಅನ್ನುವ ಇನ್ನೊಂದು ದರ್ಶನದ ಹಳಬರೂ ಅಷ್ಟೇ. ಆದರೂ ಇಬ್ಬರೂ ಆಸ್ತಿಕರ ಸಾಲಿನಲ್ಲೇ ಕೂತಿದ್ದಾರೆ. ಋಗ್ವೇದದ ಹತ್ತನೇ ಮಂಡಲದಲ್ಲಿ 129ನೇ ಸೂಕ್ತ ಇದೆ, ನಾಸದೀಯ. ಸೃಷ್ಟಿ ಎಲ್ಲಿಂದ ಬಂತು ಅಂತ ಕೇಳುತ್ತಾ ಹೋಗಿ, ಕೊನೆಗೆ, ಮೇಲೆ ಕೂತು ನೋಡುವವನಿಗೆ ಗೊತ್ತಿರಬಹುದು, ಅವನಿಗೂ ಗೊತ್ತಿಲ್ಲದೆ ಇರಬಹುದು ಅಂತ ನಿಲ್ಲಿಸುತ್ತದೆ. ನಿಮ್ಮಪ್ಪನಿಗೆ ಅದು ಬಾಯಿಪಾಠ ಇದ್ದರೂ ಇರಬಹುದು. ಇದನ್ನು ವಾದಕ್ಕೆ ಬಳಸಿ ಅಂತ ಹೇಳುತ್ತಿಲ್ಲ, ದಯವಿಟ್ಟು ಬಳಸಬೇಡಿ, ವೇದ ಓದಿದ ಅಪ್ಪನಿಗೆ ಮಗ ವೇದ ಹೇಳಿಕೊಡಲು ಹೋದರೆ ಫೋನ್ ಅಲ್ಲಿಗೇ ಕಟ್. ಅನುಮಾನ ಹೊರಗಿನಿಂದ ಬಂದ ರೋಗ ಅಂತ ನೀವು ಅಂದುಕೊಂಡಿದ್ದರೆ ಹಾಗೇನಿಲ್ಲ ಅಂತ ನಿಮಗಾಗಿ ಮಾತ್ರ ಹೇಳಿದೆ.

ರುದ್ರದ ವಿಚಾರ. ಅದು ಕಪಟ ಅಲ್ಲವೇ ಅಲ್ಲ. ಚಿಕ್ಕಂದಿನಲ್ಲಿ ಕಿವಿಗೆ ಬಿದ್ದ ಸ್ವರ ಹಾಗೆಲ್ಲ ಹೋಗುವುದಿಲ್ಲ. ನಾನು ಏಳು ವರ್ಷದವಳಿಂದ ಅಪ್ಪಯ್ಯನ ಪೂಜೆಗೆ ಗಂಧ ತೇದು ಕೊಡುತ್ತಿದ್ದೆ. ಸಾಣೆಕಲ್ಲಿನ ಮೇಲೆ ನೀರು ಜಾಸ್ತಿ ಹಾಕಿದರೆ ಗಂಧ ಹರಿದು ಹೋಗುತ್ತದೆ, ಕಮ್ಮಿ ಹಾಕಿದರೆ ಕೊರಡು ಕಿರ್ ಅನ್ನುತ್ತದೆ. ಸರಿಯಾದರೆ ಸದ್ದೇ ಇಲ್ಲ. ಈಗಲೂ ದೋಸೆ ಹಿಟ್ಟಿಗೆ ನೀರು ಹಾಕುವಾಗ ಕೈ ಆ ಅಳತೆಯನ್ನೇ ಹುಡುಕುತ್ತದೆ. ಕೋಟದ ಶಿವರಾಮ ಕಾರಂತರು ದೇವರ ವಿಷಯದಲ್ಲಿ 'ನನಗೆ ಗೊತ್ತಿಲ್ಲ' ಅನ್ನುವ ಕಡೆಯವರು. ಆದರೆ ಆಯುಸ್ಸಿನಲ್ಲಿ ಎಷ್ಟೋ ವರ್ಷ ಕೊಟ್ಟದ್ದು ಯಕ್ಷಗಾನಕ್ಕೆ, ಅಲ್ಲಿ ರಾತ್ರಿಯಿಡೀ ಕುಣಿಯುವುದು ಪುರಾಣದ ದೇವರುಗಳೇ. ಅವರನ್ನು ಯಾರಾದರೂ ಕಪಟಿ ಅಂದಿದ್ದರೆ ಸರಿಯಾಗಿ ಬೈಸಿಕೊಂಡು ಬರುತ್ತಿದ್ದರು. ಬೈಕಿನ ಮೇಲೆ ರುದ್ರ ಹೇಳಿಕೊಳ್ಳಿ. ಹೆಲ್ಮೆಟ್ ಹಾಕಿಕೊಳ್ಳಿ.

ಇನ್ನು ಅಪ್ಪನಿಗೆ ಹೇಳುವುದು. 'ನನಗೆ ನಂಬಿಕೆ ಇಲ್ಲ' ಅಂತ ಒಂದೇ ಸಲ ದೊಡ್ಡದಾಗಿ ಘೋಷಣೆ ಮಾಡುವುದು ಬೇಡ, 74ರ ಮನುಷ್ಯನಿಗೆ ಅದು ಮಗ ಸತ್ತ ಸುದ್ದಿಯ ಹಾಗೆ ಕೇಳಿಸಬಹುದು. ಹಾಗಂತ 'ಆಯ್ತು' ಕೂಡ ಇನ್ನು ಬೇಡ. ನಾಳೆ ಅವರು ಕೇಳಿದಾಗ 'ಇವತ್ತು ಇಲ್ಲಪ್ಪ' ಅನ್ನಿ. ಅಷ್ಟೇ. ಕಾರಣ ಕೊಡಬೇಡಿ. ಮೀಟಿಂಗು, ಟ್ರಾಫಿಕ್ಕು ಅಂತ ಶುರು ಮಾಡಿದರೆ ಅದು ಹೊಸ ಸುಳ್ಳು. ನಾಡಿದ್ದೂ 'ಇವತ್ತೂ ಇಲ್ಲ'. ಒಂದು ವಾರದಲ್ಲಿ ಅವರೇ ಕೇಳುತ್ತಾರೆ, ಯಾಕೋ ಅಂತ. ಅವತ್ತು ಫೋನ್‌ನಲ್ಲಿ ಬೇಡ, ಮೈಸೂರಿನ ಬಸ್ ಹತ್ತಿ. ಅವರು ಬೇಸರ ಮಾಡಿಕೊಳ್ಳುತ್ತಾರೆ. ಅದನ್ನು ತಪ್ಪಿಸುವ ಉಪಾಯ ನನ್ನ ಹತ್ತಿರ ಇಲ್ಲ, ಇದೆ ಅನ್ನುವವರನ್ನು ನಂಬಬೇಡಿ.

ಜನಿವಾರ ಇದೆಯೋ ತೆಗೆದಿದ್ದೀರೋ ನೀವು ಬರೆದಿಲ್ಲ. ಇದ್ದರೆ ನೂಲಹುಣ್ಣಿಮೆಗೆ ಊರಿಗೆ ಹೋಗಿ ಅಪ್ಪನ ಪಕ್ಕ ಕೂತು ಬದಲಾಯಿಸಿಕೊಳ್ಳುವುದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. ಆದರೆ ಆ ಹೊತ್ತಿಗೆ ಅವರಿಗೆ ನಿಜ ಗೊತ್ತಿರಬೇಕು.

ಪ್ರಶ್ನೆ: ನಾನು ಗದಗ ಕಡೆಯ ಲಿಂಗಾಯತರ ಮನೆಯವಳು, 42 ವರ್ಷ. ತೊಟ್ಟಿಲಲ್ಲಿದ್ದಾಗಲೇ ಲಿಂಗ ಕಟ್ಟಿದ್ದರು. ಅವ್ವ ಒಂದು ದಿನವೂ ಲಿಂಗಪೂಜೆ ಮಾಡದೆ ನೀರು ಕುಡಿದವಳಲ್ಲ. ಮೂರು ವರ್ಷದ ಹಿಂದೆ ಅವ್ವನಿಗೆ ಕ್ಯಾನ್ಸರ್ ಬಂತು. ಎಂಆರ್‌ಐ ಸ್ಕ್ಯಾನ್ ಮಾಡುವಾಗ ಮೈಮೇಲೆ ಲೋಹ ಇರಬಾರದು ಅಂದರು. ಬೆಳ್ಳಿ ಕರಡಿಗೆ ಬಿಚ್ಚಿ ನನ್ನ ಕೈಗೆ ಕೊಟ್ಟಳು. ನಲವತ್ತು ನಿಮಿಷ ಅದು ನನ್ನ ಅಂಗೈಯಲ್ಲಿತ್ತು. ಬೆಚ್ಚಗಿತ್ತು. ಏಳು ತಿಂಗಳಿಗೆ ಅವ್ವ ಹೋದಳು. ಅವಳನ್ನು ಕೂರಿಸಿ ಮಣ್ಣು ಮಾಡುವಾಗ ಅವಳ ಲಿಂಗ ಅವಳ ಕೈಯಲ್ಲೇ ಹೋಯಿತು. ಅವತ್ತು ಮನೆಗೆ ಬಂದು ನನ್ನದನ್ನು ಬಿಚ್ಚಿಟ್ಟೆ. ಈಗ ಅದು ಅಲ್ಮೇರಾದಲ್ಲಿ ಸೀರೆಗಳ ನಡುವೆ ಇದೆ. ಹಾಕಿಕೊಳ್ಳಲು ಮನಸ್ಸಿಲ್ಲ. ಮಠಕ್ಕೆ ಕೊಡಲು ಕೈ ಬರುತ್ತಿಲ್ಲ. ಸೀರೆ ತೆಗೆಯುವಾಗ ಕೈ ತಾಗಿದರೆ ಇಡೀ ದಿನ ಕೆಡುತ್ತದೆ. ಏನು ಮಾಡಲಿ? (ಎಸ್., ಧಾರವಾಡ)

ಉತ್ತರ: ನಿಮ್ಮ ಕಾಗದವನ್ನು ನಾಲ್ಕು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಆ ನಲವತ್ತು ನಿಮಿಷ ಬಿಟ್ಟು ಬೇರೆ ಏನೂ ತಲೆಗೆ ಹತ್ತಲಿಲ್ಲ.

ಒಂದು ಕೇಳುತ್ತೇನೆ, ನೀವೇ ಉತ್ತರ ಹೇಳಿಕೊಳ್ಳಿ. ನಿಮಗೆ ಶಿವ ಇಲ್ಲ ಅನ್ನಿಸಿದೆಯಾ, ಅಥವಾ ಇದ್ದೂ ಹೀಗೆ ಮಾಡಿದ ಅಂತ ಸಿಟ್ಟು ಬಂದಿದೆಯಾ? ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ಇಲ್ಲ ಅನ್ನಿಸಿದವರಿಗೆ ಆ ಕರಡಿಗೆ ಒಂದು ಬೆಳ್ಳಿ ಡಬ್ಬಿ. ಕೈ ತಾಗಿದರೆ ದಿನ ಕೆಡುವುದಿಲ್ಲ. ನಿಮ್ಮ ದಿನ ಕೆಡುತ್ತಿದೆ ಅಂದರೆ ನಿಮ್ಮಲ್ಲಿ ಇನ್ನೂ ಜಗಳ ನಡೆಯುತ್ತಿದೆ. ಜಗಳ ಮುಗಿಯುವ ಮೊದಲೇ ತೀರ್ಪು ಬರೆಯುವ ಅವಸರ ಯಾಕೆ? ಅಥವಾ ಇದ್ಯಾವುದೂ ಅಲ್ಲ, ಆ ಡಬ್ಬಿ ಮುಟ್ಟಿದಾಗ ಅವ್ವನ ಮೈಬಿಸಿ ನೆನಪಾಗುತ್ತದೆ ಅಷ್ಟೇ ಇರಬಹುದು. ಆಗ ಅದಕ್ಕೆ ದೇವರನ್ನು ಎಳೆದು ತರುವುದೇ ಬೇಡ.

ಅವ್ವನ ಕೊನೆಯ ದಿನಗಳಲ್ಲಿ 'ಎಲ್ಲಾ ಪೂರ್ವದ ಕರ್ಮ' ಅಂದ ನೆಂಟರು ಒಬ್ಬರಾದರೂ ಬಂದಿರುತ್ತಾರೆ, ನನಗೆ ಗೊತ್ತು, ಪ್ರತಿ ಆಸ್ಪತ್ರೆಯ ವಾರ್ಡಿಗೂ ಒಬ್ಬರು ಬರುತ್ತಾರೆ. ಶರಣರು ಹನ್ನೆರಡನೇ ಶತಮಾನದಲ್ಲೇ ಗುಡಿಯನ್ನು ಬಿಟ್ಟು ದೇವರನ್ನು ಅಂಗೈಗೆ ತಂದುಕೊಂಡವರು. ನಡುವೆ ಯಾರೂ ಬೇಡ ಅಂತ. ಹಾಗಾಗಿ ನಿಮ್ಮ ಲಿಂಗದ ವಿಚಾರ ನಿಮಗೂ ಅದಕ್ಕೂ ಬಿಟ್ಟದ್ದು. 'ಲಿಂಗ ಮೈಮೇಲೆ ಇಲ್ಲದೆ ಹೇಗೆ ಇರುತ್ತೀಯ' ಅಂತ ಕೇಳುವ ಅತ್ತೆಗೂ ಇಲ್ಲ, 'ಇನ್ನೂ ಯಾಕೆ ಇಟ್ಟುಕೊಂಡಿದ್ದೀ' ಅನ್ನುವ ನನ್ನಂಥವಳಿಗೂ ಇಲ್ಲ.

ಮಾಡಬೇಕಾದದ್ದು ಸಣ್ಣದು. ಸೀರೆಗಳ ನಡುವಿನಿಂದ ತೆಗೆಯಿರಿ. ಅಲ್ಲಿದ್ದರೆ ಅದು ನಿಮ್ಮನ್ನು ಹಿಂದಿನಿಂದ ಬಂದು ಹಿಡಿಯುತ್ತದೆ. ಅವ್ವನ ಫೋಟೋ, ಅವಳ ಕನ್ನಡಕ ಎಲ್ಲಿಟ್ಟಿದ್ದೀರೋ ಅಲ್ಲಿಡಿ. ಬೇಕು ಅನ್ನಿಸಿದ ದಿನ ನೀವೇ ಹೋಗಿ ನೋಡುವ ಹಾಗೆ. ಮಠಕ್ಕೆ ಕೊಡುವುದು ಹತ್ತು ವರ್ಷ ಬಿಟ್ಟೂ ಆಗುತ್ತದೆ, ಕೊಟ್ಟದ್ದನ್ನು ವಾಪಸ್ ಕೇಳುವುದು ಕಷ್ಟ.

ಮತ್ತೆ, ನೀವು ಅವ್ವನ ಬಗ್ಗೆ ಯಾರ ಜೊತೆ ಮಾತಾಡುತ್ತೀರಿ? ಕಾಗದದಲ್ಲಿ ಗಂಡ, ಮಕ್ಕಳು, ಅಕ್ಕತಂಗಿ ಯಾರೂ ಬರಲಿಲ್ಲ. ಮುಂದಿನ ಕಾಗದದಲ್ಲಿ ಅದನ್ನು ಬರೆಯಿರಿ. ಅಚ್ಚು ಹಾಕುವುದಿಲ್ಲ.

ಪ್ರಶ್ನೆ: ನಮ್ಮದು ಉಡುಪಿ ಕಡೆ. ಮನೆ ಕಟ್ಟಲು ನಾಗಬನದ ಅಂಚಿನ ಎರಡು ಮರ ಕಡಿಸಿದೆವು. ಆರು ತಿಂಗಳಿಗೆ ಅಪ್ಪನಿಗೆ ಪಾರ್ಶ್ವವಾಯು ಆಯಿತು. ಜೋಯಿಸರು ಪ್ರಶ್ನೆ ಇಟ್ಟು ಸರ್ಪಸಂಸ್ಕಾರ ಮಾಡಿಸಿ ಅಂದಿದ್ದಾರೆ. ನಾನು ಎಂಜಿನಿಯರ್, ಇದನ್ನೆಲ್ಲ ನಂಬುವುದಿಲ್ಲ. ಆದರೆ 'ಬೇಡ' ಅಂದು, ನಾಳೆ ಅಮ್ಮನಿಗೆ ಏನಾದರೂ ಆದರೆ? ನಂಬದೆ ಹೆದರುವುದು ಹೇಗೆ ಸಾಧ್ಯ? (ಆರ್.)

ಉತ್ತರ: ತುಂಬಾ ಸಾಧ್ಯ. ನಂಬಿಕೆ ಮೊದಲು ಹೋಗುತ್ತದೆ, ಭಯ ಆಮೇಲೆ ನಿಧಾನವಾಗಿ ಹೋಗುತ್ತದೆ, ಕೆಲವರಿಗೆ ಹೋಗುವುದೇ ಇಲ್ಲ. ನಮ್ಮ ಅಪ್ಪಯ್ಯನ ಹತ್ತನೇ ದಿನ ಪಿಂಡ ಇಟ್ಟು ಎಲ್ಲರೂ ಕಾಗೆಗೆ ಕಾಯುತ್ತಾ ನಿಂತಿದ್ದರು. ನಾನು ಆ ಹೊತ್ತಿಗೆ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಮೇಡಂ. ಮುಕ್ಕಾಲು ಗಂಟೆ ಆಯಿತು, ಒಂದು ಕಾಗೆಯೂ ಇಲ್ಲ. ಅಣ್ಣ 'ಏನು ಆಸೆ ಉಳಿದಿತ್ತೋ' ಅಂತ ಅಳುವುದಕ್ಕೆ ಶುರು ಮಾಡಿದ. ನಾನು ಹಲಸಿನ ಮರದ ತುದಿಯಿಂದ ಕಣ್ಣು ಕೀಳಲಿಲ್ಲ. ಬಾ ಮಾರಾಯ ಬಾ ಅಂತ ಒಳಗೇ ಹೇಳಿಕೊಳ್ಳುತ್ತಿದ್ದೆ. ಕೊನೆಗೆ ಬಂತು. ಅವತ್ತು ಬೆಳಿಗ್ಗೆಯಿಂದ ಪಕ್ಕದ ತೋಟದಲ್ಲಿ ಮಂಗ ಓಡಿಸಲು ಪಟಾಕಿ ಹೊಡೆಯುತ್ತಿದ್ದರು ಅನ್ನುವುದು ನನಗೆ ನೆನಪಾದದ್ದು ರಾತ್ರಿ.

ನಿಮ್ಮ ವಿಚಾರಕ್ಕೆ ಬನ್ನಿ. ಅಪ್ಪನಿಗೆ ಬಿಪಿ ಎಷ್ಟು ವರ್ಷದಿಂದ ಇತ್ತು? ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದರಾ? ಪಾರ್ಶ್ವವಾಯುವಿಗೆ ಅತಿ ದೊಡ್ಡ ಕಾರಣ ಅದು. ಮರ ಕಡಿಯದಿದ್ದರೂ ಅದು ಇತ್ತು. ಆದರೆ ಆರು ತಿಂಗಳಲ್ಲಿ ಮರ ಕಡಿದದ್ದೊಂದೇ ಎದ್ದು ಕಾಣುವ ಘಟನೆ, ಮಾತ್ರೆ ಮರೆತ ದಿನಗಳನ್ನು ಯಾರು ಬರೆದಿಟ್ಟಿರುತ್ತಾರೆ? ಅದಕ್ಕೇ ಮನಸ್ಸು ಮರಕ್ಕೆ ಹೋಗಿ ಕೂರುತ್ತದೆ. ಅಮ್ಮನಿಗೆ ಇವತ್ತೇ ಬಿಪಿ ನೋಡಿಸಿ, ನಿಮ್ಮದನ್ನೂ ನೋಡಿಸಿಕೊಳ್ಳಿ. ನಿಮ್ಮ ಭಯಕ್ಕೆ ಇದು ಕೆಲಸಕ್ಕೆ ಬರುವ ಮದ್ದು.

ಸರ್ಪಸಂಸ್ಕಾರ ಅಮ್ಮನಿಗೆ ಬೇಕಾ? ಬೇಕಾದರೆ, ಸಾಲ ಮಾಡದೆ ಆಗುವುದಾದರೆ, ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋಗಿ. ಎರಡು ದಿನದ ಕೆಲಸ. ಆದರೆ 'ಇದನ್ನು ನಿನಗಾಗಿ ಮಾಡುತ್ತಿದ್ದೇನೆ' ಅಂತ ಹೇಳಿಯೇ ಮಾಡಿ. ಹಾಗೆ ಹೇಳದಿದ್ದರೆ ಮುಂದಿನ ಸಲ ಜೋಯಿಸರು ಇನ್ನೂ ದೊಡ್ಡದನ್ನು ಹೇಳುತ್ತಾರೆ, ಆಗ ನಿಮ್ಮ ಬಾಯಿಗೆ ಬೀಗ.

ಒಂದು ಮಾತ್ರ, ಬನದ ಮರ ಕಡಿದದ್ದು ನನಗೂ ಸರಿ ಕಾಣಲಿಲ್ಲ. ನಿಮ್ಮ ಕಡೆ ಊರೆಲ್ಲ ಬೋಳಾದರೂ ಹಳೆಯ ಕಾಡುಮರ, ಬಳ್ಳಿ ಒಂದಿಷ್ಟು ಉಳಿದಿರುವುದು ಆ ಬನಗಳಲ್ಲಿ. ಅದನ್ನು ಉಳಿಸಿದ್ದು ನಾಗನ ಭಯವೇ. ಈಗ ಭಕ್ತಿ ಇದ್ದವರೂ ಸಿಮೆಂಟ್ ಕಟ್ಟೆ, ಗ್ರಾನೈಟ್ ಹಾಕಿ ಬನವನ್ನು ಬಿಸಿಲಿಗೆ ಬಿಡುತ್ತಿದ್ದಾರೆ. ಅದಕ್ಕೆ ದೋಷ ಅನ್ನುವ ಜೋಯಿಸರನ್ನು ನಾನು ಕಂಡಿಲ್ಲ. ಎರಡು ಕಡಿದಿರಿ, ಮಳೆಗಾಲಕ್ಕೆ ನಾಲ್ಕು ನೆಡಿ.

ಪ್ರಶ್ನೆ: ನಾನು ಮಂಗಳೂರಿನ ಕ್ಯಾಥೋಲಿಕ್, ಈಗ ಕುವೈತ್‌ನಲ್ಲಿ ಕೆಲಸ. ಚಿಕ್ಕಂದಿನಲ್ಲಿ ದಿನಾ ಸಂಜೆ ಮನೆಯವರೆಲ್ಲ ಮೊಣಕಾಲೂರಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳುತ್ತಿದ್ದೆವು, ಭಾನುವಾರ ಪೂಜೆ, ಧರ್ಮಶಿಕ್ಷಣ ತಪ್ಪಿಲ್ಲ. ಈಗ ಏಳೆಂಟು ವರ್ಷದಿಂದ ನಂಬಿಕೆ ಇಲ್ಲ. ಮನೆಯಲ್ಲಿ ಗೊತ್ತಿಲ್ಲ. ಅಕ್ಕನಿಗೆ ಮಗಳು ಹುಟ್ಟಿದ್ದಾಳೆ, ಡಿಸೆಂಬರಿನಲ್ಲಿ ಜ್ಞಾನಸ್ನಾನ. ನನ್ನನ್ನೇ ಗಾಡ್‌ಫಾದರ್ ಆಗು ಅನ್ನುತ್ತಿದ್ದಾಳೆ. ಹತ್ತು ನಿಮಿಷದ ಕೆಲಸ, ಹೂಂ ಅಂದುಬಿಡಲಾ? (ವಿ.)

ಉತ್ತರ: ಬೇಡ.

ಮೊದಲ ಕಾಗದದವರಿಗೆ ಅಪ್ಪನ ಪಕ್ಕ ಕೂತು ಜನಿವಾರ ಬದಲಿಸಿಕೊಳ್ಳಿ ಅಂದವಳು ನಿಮಗೆ ಬೇಡ ಅನ್ನುತ್ತಿದ್ದೇನೆ, ಯಾಕೆ ಅಂತ ಕೇಳಬಹುದು. ನಿಮಗೇ ಗೊತ್ತಿರುವ ಹಾಗೆ ಅಲ್ಲಿ ನೀವು ಸುಮ್ನೆ ನಿಂತಿರುವುದಿಲ್ಲ. ಪಾದ್ರಿಗಳು ಕೇಳುತ್ತಾರೆ, ನೀವು ಬಾಯಿಬಿಟ್ಟು 'ನಂಬುತ್ತೇನೆ' ಅನ್ನಬೇಕು. ಆ ಮಗುವನ್ನು ನಂಬಿಕೆಯಲ್ಲಿ ಬೆಳೆಸಲು ಜೊತೆಗಿರುತ್ತೇನೆ ಅಂತ ಒಪ್ಪಿಕೊಳ್ಳಬೇಕು. ಚರ್ಚಿನ ಕಾನೂನೂ ಗಾಡ್‌ಪೇರೆಂಟ್ ಆಗುವವರು ದೃಢೀಕರಣ ಅನ್ನುವ ಸಂಸ್ಕಾರ ಆದ, ನಂಬಿಕೆಗೆ ತಕ್ಕ ಹಾಗೆ ಬದುಕುವ ಕ್ಯಾಥೋಲಿಕರಾಗಿರಬೇಕು ಅನ್ನುತ್ತದೆ. ಜೊತೆಗೆ ಕೂರುವುದು ಬೇರೆ, ಮಾತು ಕೊಡುವುದು ಬೇರೆ. ನಂಬಿಕೆ ಇಲ್ಲದವರಿಗೆ ಉಳಿದಿರುವುದೇ ಮಾತು, ಅದನ್ನೂ ಸಸ್ತಾ ಮಾಡಿಕೊಂಡರೆ ಹೇಗೆ?

ಅಕ್ಕನಿಗೆ ಒಬ್ಬಳಿಗೇ ಹೇಳಿ. ಅಮ್ಮನಿಗೆ ಮೊದಲಲ್ಲ, ಪಾದ್ರಿಗಳಿಗೆ ಮೊದಲಲ್ಲ, ಫ್ಯಾಮಿಲಿ ಗ್ರೂಪಿನಲ್ಲಂತೂ ಅಲ್ಲವೇ ಅಲ್ಲ. ನಿಮ್ಮನ್ನೇ ಕೇಳಿದ್ದಾಳೆ ಅಂದರೆ ನೀವು ಅವಳಿಗೆ ಬೇಕಾದ ತಮ್ಮ. ಮಗುವಿನ ಫೀಸ್ ಕಟ್ಟುತ್ತೇನೆ, ಈಜು ಕಲಿಸುತ್ತೇನೆ, ರಾತ್ರಿ ಎರಡಕ್ಕೆ ಫೋನ್ ಮಾಡಿದರೂ ಎತ್ತುತ್ತೇನೆ, ಇದೊಂದು ಮಾತ್ರ ನನ್ನಿಂದ ಸುಳ್ಳಾಗುತ್ತದೆ ಅನ್ನಿ. ಡಿಸೆಂಬರಿಗೆ ರಜೆ ಹಾಕಿ ಬಂದು ಮುಂದಿನ ಬೆಂಚಿನಲ್ಲಿ ಕೂರಿ.

ಇನ್ನೊಂದು. ಏಳೆಂಟು ವರ್ಷ ಒಳಗೆ ಬರಿದು ಅನ್ನಿಸುವುದು ನಂಬಿಕೆ ಇಟ್ಟವರಿಗೂ ಆಗುತ್ತದೆ. ಮದರ್ ತೆರೇಸಾ ಅವರ ಕಾಗದಗಳು 2007ರಲ್ಲಿ ಹೊರಗೆ ಬಂದಾಗ ಎಷ್ಟೋ ಜನ ಬೆಚ್ಚಿದರು, ದಶಕಗಟ್ಟಲೆ ಅವರಿಗೆ ದೇವರು ಹತ್ತಿರ ಇದ್ದಾನೆ ಅಂತ ಅನ್ನಿಸಿರಲೇ ಇಲ್ಲ. ಅವರು ಅದರೊಳಗೇ ಉಳಿದರು. ನೀವು ಉಳಿಯಬೇಕು ಅಂತಲ್ಲ. ನಿಮ್ಮದು ಅಂಥದ್ದಾ, ಅಥವಾ ಪೂರಾ ಮುಗಿದದ್ದಾ, ಅದು ನಿಮಗೇ ಗೊತ್ತಾಗಬೇಕು.

ಪ್ರಶ್ನೆ: ಮಗನಿಗೆ 19. ಅದೇನೇನೋ ವಿಡಿಯೋ ನೋಡಿ, ನಾನು ದೀಪ ಹಚ್ಚಿದರೆ ಹಿಂದೆ ನಿಂತು ನಗುತ್ತಾನೆ. 'ಎಣ್ಣೆ ದಂಡ' ಅನ್ನುತ್ತಾನೆ. ಏನು ಹೇಳಲಿ? (ಒಬ್ಬ ತಾಯಿ, ಹುಬ್ಬಳ್ಳಿ)

ಉತ್ತರ: ಎಣ್ಣೆ ಯಾರ ದುಡ್ಡಿನದು ಅಂತ ಕೇಳಿ.

ತಮಾಷೆ ಸಾಕು. ಅವನಿಗೆ ಈ ಪುಟ ತೋರಿಸಿ. ಮಗನೇ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಚ್. ನರಸಿಂಹಯ್ಯ ಅಂತ ಒಬ್ಬರು ಕುಲಪತಿ ಇದ್ದರು. ಅಮೆರಿಕಕ್ಕೆ ಹೋಗಿ ಅಣುಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಬಂದವರು, ಖಾದಿ ಬಟ್ಟೆ, ಗಾಂಧಿ ಟೋಪಿ, ವಾಸ ಹುಡುಗರ ಹಾಸ್ಟೆಲ್ ರೂಮಿನಲ್ಲಿ. 1976ರಲ್ಲಿ ಪವಾಡಗಳನ್ನು ಪರೀಕ್ಷೆ ಮಾಡಲು ಒಂದು ಸಮಿತಿ ಮಾಡಿದರು. ಗಾಳಿಯಿಂದ ವಸ್ತು ತೆಗೆಯುತ್ತೇವೆ ಅನ್ನುವವರು ಬಂದು ನಮ್ಮೆದುರು ತೆಗೆಯಿರಿ ಅಂದರು. ಆ ಕಾಲಕ್ಕೆ ಅದು ಸಣ್ಣ ಧೈರ್ಯ ಅಲ್ಲ, ದೊಡ್ಡ ದೊಡ್ಡವರೇ ಅಂಥವರ ಕಾಲಿಗೆ ಬೀಳುತ್ತಿದ್ದರು. ಅವರು ಪ್ರಶ್ನೆ ಕೇಳಿದ್ದು ಯಾರನ್ನು ಅಂತ ನೋಡು. ನೀನು ಅಡುಗೆ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಎರಡು ನಿಮಿಷ ನಿಂತ ಅಮ್ಮನನ್ನು ಹಿಡಿದಿದ್ದೀಯ.

ಅಮ್ಮ, ನಿಮಗೂ ಒಂದು ಮಾತು. ಅವನು ನಗುವುದನ್ನು ಬಿಟ್ಟು ಕೇಳುವುದಕ್ಕೆ ಶುರು ಮಾಡಿದರೆ ಬಾಯಿ ಮುಚ್ಚಿಸಬೇಡಿ. 'ಗೊತ್ತಿಲ್ಲ ಕಣೋ, ನನಗೆ ಸಮಾಧಾನ ಆಗುತ್ತದೆ' ಅಂದರೆ ಅದು ಪೂರಾ ಉತ್ತರ.

ಪ್ರಶ್ನೆ: ನಾನು ಕರಾವಳಿಯ ಮುಸ್ಲಿಂ ಮನೆಯ ಹುಡುಗಿ, ಡಿಗ್ರಿ ಎರಡನೇ ವರ್ಷ, ಹಾಸ್ಟೆಲ್. ನಮಾಜು ಬಿಟ್ಟು ಒಂದು ವರ್ಷ ಆಯಿತು. ರಂಜಾನಿಗೆ ಮನೆಗೆ ಹೋಗಬೇಕು. ನಿಯ್ಯತ್, ಅಂದರೆ ಮನಸ್ಸಿನ ಸಂಕಲ್ಪ, ಇಲ್ಲದ ಉಪವಾಸ ಉಪವಾಸವೇ ಅಲ್ಲ ಅಂತ ಮದರಸದಲ್ಲಿ ಕಲಿತದ್ದು. ನಂಬದೆ ಉಪವಾಸ ಕೂತರೆ ಎಲ್ಲರಿಗೂ ಮೋಸ ಮಾಡಿದಂತೆ ಅಲ್ವಾ? ಮನೆಯಲ್ಲಿ ಗೊತ್ತಾದರೆ ಓದು ನಿಲ್ಲಿಸುತ್ತಾರೆ. (ಹೆಸರು ಬೇಡ)

ಉತ್ತರ: ಕೊನೆಯ ವಾಕ್ಯ ಮೊದಲು ಬರಬೇಕಿತ್ತು. ಓದು ನಿಲ್ಲುತ್ತದೆ ಅಂದಮೇಲೆ ಬೇರೆ ಲೆಕ್ಕ. ಸುಮ್ಮನಿರಿ. ಡಿಗ್ರಿ ಮುಗಿಸಿ, ಕೆಲಸ ಹಿಡಿಯಿರಿ, ನಿಮ್ಮದೇ ಬಾಡಿಗೆ ಕಟ್ಟುವ ದಿನ ಬರಲಿ. ಬೈಕಿನ ಹುಡುಗನಿಗೆ ನಿಜ ಹೇಳು ಅಂದೆ, ಯಾಕೆಂದರೆ ಅವನಿಗೆ ಸಂಬಳ ಇದೆ, ಮನೆ ಇದೆ, ಅಪ್ಪ ಬೇಸರ ಮಾಡಿಕೊಳ್ಳಬಹುದು ಅಷ್ಟೇ. ನಿಮಗೆ ಅದೇ ಬುದ್ಧಿ ಹೇಳಿದರೆ ನಾನು ಮೂರ್ಖಳು. ನಮ್ಮ ಸಂವಿಧಾನದ 25ನೇ ವಿಧಿ ಧರ್ಮದ ಜೊತೆಗೆ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ಕೊಟ್ಟಿದೆ, ಆದರೆ ಕಾಲೇಜು ಫೀಸನ್ನು ಅದು ಕಟ್ಟುವುದಿಲ್ಲ.

ನಿಯ್ಯತ್ ವಿಚಾರದಲ್ಲಿ ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಹಾಗಾದರೆ ಅದನ್ನು ಉಪವಾಸ ಅನ್ನಬೇಡಿ ನಿಮ್ಮೊಳಗೆ. ಬೆಳಗಿನ ಜಾವ ಅಮ್ಮನ ಜೊತೆ ಎದ್ದು ಅಡುಗೆಗೆ ಕೈ ಕೊಡುವುದು, ಸಂಜೆ ಖರ್ಜೂರ ಹಂಚುವುದು, ಅಜ್ಜಿಯ ಪಕ್ಕ ಕೂತು ಗಂಜಿ ಕುಡಿಯುವುದು. ಇದರಲ್ಲಿ ಯಾರಿಗೆ ಮೋಸ ಆಯಿತು? ಗೆಳತಿಯರಲ್ಲಿ ಯಾರಿಗೆ ಹೇಳುತ್ತೀರಿ ಅನ್ನುವುದರಲ್ಲಿ ಹುಷಾರು. ಫೋನ್‌ನಲ್ಲಿ ಬರೆದಿಡಬೇಡಿ. ಈ ಕಾಗದವನ್ನು ನಾನು ಹರಿದು ಹಾಕಿದ್ದೇನೆ.

ಪ್ರಶ್ನೆ: ಜನಗಣತಿಯವರು ಬಂದರೆ ಧರ್ಮ ಅನ್ನುವಲ್ಲಿ ಏನು ಬರೆಸಲಿ? ಯಾವುದೂ ಇಲ್ಲ ಅನ್ನಬಹುದಾ? (ಕೆ., ಶಿವಮೊಗ್ಗ)

ಉತ್ತರ: ಅನ್ನಬಹುದು. ನೀವು ಹೇಳಿದ್ದನ್ನೇ ಅವರು ಬರೆದುಕೊಳ್ಳಬೇಕು, ವಾದ ಮಾಡುವ ಹಾಗಿಲ್ಲ. 2011ರಲ್ಲಿ ದೇಶದಲ್ಲಿ ಸುಮಾರು 28.7 ಲಕ್ಷ ಜನ 'ಧರ್ಮ ತಿಳಿಸಿಲ್ಲ' ಅನ್ನುವ ಲೆಕ್ಕದಲ್ಲಿದ್ದಾರೆ, ಸಾವಿರಕ್ಕೆ ಮೂವರು ಕೂಡ ಅಲ್ಲ. ಅವರೆಲ್ಲ ದೇವರನ್ನು ಬಿಟ್ಟವರು ಅಂತ ತಿಳಿಯಬೇಡಿ, ಬಾಗಿಲು ತೆಗೆದವರಿಗೆ ಹೇಳಲು ಮನಸ್ಸಿಲ್ಲದಿರಬಹುದು.

ಆ ವರ್ಷ ಫೆಬ್ರವರಿಯಲ್ಲಿ ನಾನೂ ಎಣಿಕೆಗೆ ಹೋಗಿದ್ದೆ, ಮೇಷ್ಟ್ರುಗಳನ್ನು ಬಿಡುತ್ತಾರಾ? ಗುಡ್ಡದ ಮೇಲಿನ ಒಂದು ಮನೆಯ ಅಜ್ಜ, ಧರ್ಮ ಯಾವುದು ಅಂದರೆ 'ಎಂತ ಧರ್ಮ, ನೀರಿಲ್ಲ, ಕರೆಂಟಿಲ್ಲ' ಅಂದಿದ್ದರು. ಅವರ ಸೊಸೆ ಒಳಗಿನಿಂದ 'ಹಿಂದೂ ಅಂತ ಬರೀರಿ ಮೇಡಂ' ಅಂತ ಕೂಗಿದಳು. ನಾನು ಅಜ್ಜನ ಮುಖ ನೋಡಿದೆ, ಅವರು ಕೈ ಆಡಿಸಿದರು, ಬರೆದುಕೊಂಡೆ. ನನ್ನದಕ್ಕೆ ಏನು ಬರೆಸಬೇಕು ಅಂತ ದಾರಿಯುದ್ದಕ್ಕೂ ಯೋಚನೆ ಮಾಡುತ್ತಾ ಇಳಿದು ಬಂದೆ. ಮನೆಗೆ ಬರುವ ಹೊತ್ತಿಗೆ ನಮ್ಮ ಬೀದಿಯ ಎಣಿಕೆ ಮುಗಿದಿತ್ತು. ನಮ್ಮ ಯಜಮಾನರು ಇಬ್ಬರದ್ದೂ ಬರೆಸಿ, ಬಂದವರಿಗೆ ಕಾಫಿ ಕೊಟ್ಟು ಕಳಿಸಿದ್ದರು. 'ನನ್ನನ್ನು ಕೇಳಬಾರದಿತ್ತಾ?' ಅಂದೆ. 'ನೀನು ಊರವರನ್ನು ಕೇಳುವುದಕ್ಕೆ ಹೋಗಿದ್ದೆಯಲ್ಲ' ಅಂದರು.